ರೋಹಿಣಿಯ ನೀರು, ಮಲಪ್ರಭೆಯ ದಂಡೆ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಕೂಡಿದ್ದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ಸಮಾಜದಲ್ಲಿ ಬುದ್ಧಧರ್ಮವನ್ನು ಜನ ಹೇಗೆ ಆಚರಿಸುತ್ತಿದ್ದಾರೆ, ಅದು ಹೇಗೆ ಬದಲಾಗುತ್ತಿದೆ ಎಂಬುದನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ನಿಮ್ಮಲ್ಲಿ ಒಬ್ಬ ವಿದ್ಯಾರ್ಥಿ ನನಗೆ ನೇರವಾಗಿಯೇ ಒಂದು ಪ್ರಶ್ನೆ ಹಾಕಿದ. "ಸರ್, ನಮ್ಮ ನಾಲ್ಕು ತಾಲೂಕಿನಲ್ಲಿ ಬೌದ್ಧರು ಎಲ್ಲಿದ್ದಾರೆ? ಅವರ ವಿಷಯ ನಮಗೇಕೆ? ನಾವು ಗುಡ್ಡ ಉಳಿಸುವ, ಹೊಳೆ ಉಳಿಸುವ ಮಾತಿಗೆಂದು ಬಂದವರು." ಪ್ರಶ್ನೆ ಸರಿಯಾದದ್ದೇ. ಏಪ್ರಿಲ್ 14ರಂದು ಕೇರಿಯಲ್ಲಿ ಅಂಬೇಡ್ಕರ್ ಅವರ ಭಾವಚಿತ್ರದ ಪಕ್ಕದಲ್ಲಿಡುವ ಬುದ್ಧನ ಮೂರ್ತಿ. ಚಳಿಗಾಲದಲ್ಲಿ ಹುಬ್ಬಳ್ಳಿ, ಬೆಳಗಾವಿಯ ಪೇಟೆಗೆ ಸ್ವೆಟರ್ ಮಾರಲು ಬರುವ ಟಿಬೆಟಿನ ಜನ. ಇಷ್ಟನ್ನು ಬಿಟ್ಟರೆ ನಮ್ಮ ಕಣ್ಣಿಗೆ ಬುದ್ಧಧರ್ಮ ಬೀಳುವುದು ಅಪರೂಪ. ಆದರೆ ಇಂದು ನಾನು ಹೇಳಬೇಕೆಂದಿರುವುದು ಅದೇ ಹೊಳೆಯ ಮಾತು. ಬುದ್ಧಧರ್ಮದ ಆಧುನಿಕ ಬದಲಾವಣೆಯ ಕೇಂದ್ರದಲ್ಲಿ ಒಂದು ನದಿ ಹರಿಯುತ್ತಿದೆ. ಆ ನದಿಯ ಕಥೆಯನ್ನು ಮಲಪ್ರಭೆಯ ಮಕ್ಕಳಾದ ನಾವು ಕೇಳಲೇಬೇಕು.

ಮೊದಲು ನಮ್ಮ ಹೊಳೆಯನ್ನೇ ಹಿಡಿದು ಹೋಗೋಣ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿಗಳನ್ನು ಹಾದು, ನವಿಲುತೀರ್ಥದ ಅಣೆಕಟ್ಟೆಯಲ್ಲಿ ರೇಣುಕಾಸಾಗರವಾಗಿ ನಿಂತು, ಅಲ್ಲಿಂದ ಇಳಿದು ಮುನವಳ್ಳಿ, ರಾಮದುರ್ಗಗಳನ್ನು ದಾಟಿ ಪಟ್ಟದಕಲ್ಲು, ಐಹೊಳೆಗಳ ಕಡೆಗೆ ಸಾಗುತ್ತದೆ. ಐಹೊಳೆಯಲ್ಲಿ ಮೇಗುತಿ ಗುಡಿಯನ್ನು ನೋಡಲು ಗುಡ್ಡ ಹತ್ತುವವರು ಹಾದಿಯ ಮಧ್ಯದಲ್ಲಿ ಎರಡು ಅಂತಸ್ತಿನ ಒಂದು ಕಟ್ಟಡವನ್ನು ಕಾಣುತ್ತಾರೆ. ಅರ್ಧ ಬಂಡೆಯಲ್ಲಿ ಕೊರೆದದ್ದು, ಅರ್ಧ ಕಟ್ಟಿದ್ದು. ಅದು ಬೌದ್ಧ ಚೈತ್ಯ. ನಾವು ಕುಡಿಯುವ ಹೊಳೆಯ ದಂಡೆಯ ಮೇಲೆಯೇ ಚಾಲುಕ್ಯರ ಕಾಲದಲ್ಲಿ ಭಿಕ್ಷುಗಳು ವಾಸವಾಗಿದ್ದರು.

ಹೊಳೆಯಿಂದ ತುಸು ದೂರ, ಗದಗದ ಆಚೆ ಡಂಬಳವಿದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ 1095ರ ಅಲ್ಲಿನ ಶಾಸನವು ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನೂ, ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ತಾರಾದೇವಿಯ ವಿಹಾರವನ್ನೂ ಹೆಸರಿಸುತ್ತದೆ. ಅಶೋಕನ ಶಾಸನಗಳು ಕರ್ನಾಟಕದ ಬಂಡೆಗಳ ಮೇಲೆ ಮೂಡಿದ ಸುಮಾರು ಹದಿಮೂರು ಶತಮಾನಗಳ ನಂತರವೂ ನಮ್ಮ ಸೀಮೆಯಲ್ಲಿ ಬುದ್ಧನಿಗೆ ದೀಪ ಹಚ್ಚುವವರಿದ್ದರು ಎಂಬುದಕ್ಕೆ ಇದು ಸಾಕ್ಷಿ. ಆಮೇಲೆ ಆ ದೀಪ ಆರಿತು. ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಎತ್ತಿ ಹೇಳುತ್ತೇನೆ. ವಿಹಾರ ನಿಂತದ್ದು ದಾನಿಗಳ ಬಲದ ಮೇಲೆ. ದಾನಿಗಳ ಒಲವು ಬೇರೆ ಕಡೆ ಹೊರಳಿದ ದಿನ ವಿಹಾರದ ಒಲೆ ತಣ್ಣಗಾಯಿತು. ಊರಿನ ಮನೆಮನೆಯ ಬದುಕಿನಲ್ಲಿ ಬೇರು ಬಿಡದಿದ್ದದ್ದು ಊರಿನಲ್ಲಿ ಉಳಿಯಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಹೊಳೆಯ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಹೀಗೆ ಮರೆಯಾದ ಧರ್ಮ ಇಪ್ಪತ್ತನೆಯ ಶತಮಾನದಲ್ಲಿ ಕನ್ನಡನಾಡಿಗೆ ಮರಳಿ ಬಂದಿತು. ಬಂದದ್ದು ಅರಸರ ಅಥವಾ ಶ್ರೀಮಂತರ ಬಾಗಿಲಿನಿಂದಲ್ಲ. ಒಂದು ದಾರಿ ದಲಿತರ ಕೇರಿಯದು. ಇನ್ನೊಂದು ನಿರಾಶ್ರಿತರ ಡೇರೆಯದು.

ಕೇರಿಯ ದಾರಿ ನಮ್ಮ ಜಿಲ್ಲೆಯನ್ನೇ ಹಾದು ಬಂದಿದೆ. 1925ರ ಏಪ್ರಿಲ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತನಾಡಿದರು. ಎರಡು ವರ್ಷಗಳ ತರುವಾಯ, 1927ರ ಮಾರ್ಚ್ 20ರಂದು, ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ದನಕರು ಕುಡಿಯುವ ಕೆರೆಯ ನೀರನ್ನು ಮನುಷ್ಯರು ಮುಟ್ಟಬಾರದು ಎಂದಿದ್ದ ಕಾಲವದು. ಪರಿಸರ ಚಳವಳಿಯ ಇತಿಹಾಸವನ್ನು ಬರೆಯುವವರು ಮರ ಅಪ್ಪಿಕೊಂಡವರಿಂದ ಆರಂಭಿಸುತ್ತಾರೆ. ನನ್ನ ಮಟ್ಟಿಗೆ ಆ ಇತಿಹಾಸದ ಮೊದಲ ಪುಟಗಳಲ್ಲಿ ಚವದಾರ ಕೆರೆಯೂ ಇರಬೇಕು. ನೀರು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಕೇಳದೆ ನೀರನ್ನು ಉಳಿಸುವ ಮಾತು ಪೂರ್ಣವಾಗುವುದಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರೊಡನೆ ಬೌದ್ಧರಾದರು. ಅದೇ ಡಿಸೆಂಬರ್ 6ರಂದು ತೀರಿಕೊಂಡರು. ಅವರ 'ದಿ ಬುದ್ಧ ಅಂಡ್ ಹಿಸ್ ಧಮ್ಮ' ಗ್ರಂಥ ಪ್ರಕಟವಾದದ್ದು ಮರುವರ್ಷ. ಆ ಗ್ರಂಥದಲ್ಲಿ ಅವರು ಮಾಡಿದ ಒಂದು ಬದಲಾವಣೆಯನ್ನು ನಾನು ನಿಮ್ಮ ಮುಂದಿಡಬೇಕು.

ಸಿದ್ಧಾರ್ಥ ಮನೆ ಬಿಟ್ಟದ್ದೇಕೆ? ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಇಷ್ಟು: ಒಬ್ಬ ಮುದುಕನನ್ನು, ಒಬ್ಬ ರೋಗಿಯನ್ನು, ಒಂದು ಶವವನ್ನು, ಒಬ್ಬ ಸನ್ಯಾಸಿಯನ್ನು ಕಂಡು ಅವನಿಗೆ ವೈರಾಗ್ಯ ಬಂದಿತು. ಅಂಬೇಡ್ಕರ್ ಇದನ್ನು ಒಪ್ಪಲಿಲ್ಲ. ಇಪ್ಪತ್ತೊಂಬತ್ತು ವರ್ಷದವರೆಗೆ ಒಬ್ಬ ಮನುಷ್ಯ ಮುಪ್ಪನ್ನಾಗಲಿ ಸಾವನ್ನಾಗಲಿ ಕಾಣದೇ ಇರುವುದು ಸಾಧ್ಯವೇ ಎಂದು ಕೇಳಿದರು. ಅವರು ಕೊಡುವ ಕಾರಣ ಬೇರೆ. ಅದು ನೀರಿನ ಜಗಳ. ಶಾಕ್ಯರಿಗೂ ಕೋಲಿಯರಿಗೂ ನಡುವೆ ರೋಹಿಣಿ ಎಂಬ ಹೊಳೆ. ಎರಡೂ ದಂಡೆಯವರ ಹೊಲಗಳಿಗೆ ಅದೇ ನೀರು. ಯಾರು ಮೊದಲು ಹಾಯಿಸಬೇಕು, ಎಷ್ಟು ಹಾಯಿಸಬೇಕು ಎಂದು ಜಗಳ ಹತ್ತಿ ಇತ್ತಂಡದವರೂ ಗಾಯಗೊಂಡರು. ಶಾಕ್ಯಸಂಘದ ಸಭೆಯಲ್ಲಿ ಯುದ್ಧದ ಠರಾವು ಬಂದಿತು. ಸಂಘದ ಸದಸ್ಯನಾಗಿದ್ದ ಸಿದ್ಧಾರ್ಥ ಎದ್ದು ವಿರೋಧಿಸಿದ. ಜಗಳ ತೆಗೆದವರು ಯಾರೆಂದು ಮೊದಲು ವಿಚಾರಿಸೋಣ. ನಮ್ಮವರಿಬ್ಬರು, ಅವರವರಿಬ್ಬರು ಕೂಡಿ ಐದನೆಯವನೊಬ್ಬನನ್ನು ಆರಿಸಲಿ. ಆ ಐವರು ಹೇಳಿದಂತೆ ನಡೆಯೋಣ ಎಂದ. ಬಹುಮತ ಅವನ ಕಡೆ ಬೀಳಲಿಲ್ಲ. ಯುದ್ಧಕ್ಕೆ ಒಪ್ಪದವನು ದಂಡನೆಗೆ ಗುರಿಯಾಗಬೇಕು. ತನ್ನ ಮನೆಯವರಿಗೆ ತೊಂದರೆಯಾಗದಿರಲೆಂದು ಸಿದ್ಧಾರ್ಥ ತಾನಾಗಿಯೇ ದೇಶ ಬಿಟ್ಟು ಹೊರಟ.

ರೋಹಿಣಿಯ ಜಗಳ ಅಂಬೇಡ್ಕರರ ಕಲ್ಪನೆಯಲ್ಲ. ಪಾಲಿಯ ಹಳೆಯ ಅಟ್ಠಕಥೆಗಳಲ್ಲಿ ಅದು ಬರುತ್ತದೆ. ಅಲ್ಲಿ ಅದು ಬುದ್ಧನಾದ ಮೇಲಿನ ಪ್ರಸಂಗ. ಎರಡೂ ಕಡೆಯವರು ಒಂದೇ ಒಡ್ಡಿನಿಂದ ನೀರು ಹಾಯಿಸುತ್ತಾರೆ. ಜ್ಯೇಷ್ಠಮಾಸದಲ್ಲಿ ಪೈರು ಬಾಡುತ್ತದೆ. ಇನ್ನೊಂದು ಸಲ ನೀರು ಕಟ್ಟಿದರೆ ನಮ್ಮ ಬೆಳೆ ಕೈಗೆ ಬರುತ್ತದೆ ಎಂದು ಇಬ್ಬರೂ ಹೇಳುತ್ತಾರೆ. ಕಾಲುವೆಯ ಕೊನೆಯಲ್ಲಿ ಹೊಲವಿರುವ ಸವದತ್ತಿ, ರಾಮದುರ್ಗದ ರೈತರಿಗೆ ಈ ಮಾತು ಹೊಸದಲ್ಲ. ಮಾತಿಗೆ ಮಾತು ಬೆಳೆದು, ಕುಲವನ್ನು ಎತ್ತಿ ಬೈದು, ಕೊನೆಗೆ ಕತ್ತಿ ಹಿರಿಯುತ್ತಾರೆ. ಬುದ್ಧ ನಡುವೆ ಬಂದು ನಿಂತು, ನೀರಿನ ಬೆಲೆಯೆಷ್ಟು, ಮನುಷ್ಯರ ಬೆಲೆಯೆಷ್ಟು ಎಂದು ಕೇಳುತ್ತಾನೆ. ಅಂಬೇಡ್ಕರ್ ಮಾಡಿದ್ದೇನೆಂದರೆ, ಈ ಪ್ರಸಂಗವನ್ನು ಎತ್ತಿ ಬುದ್ಧನ ಬದುಕಿನ ಬಾಗಿಲಲ್ಲೇ ಇಟ್ಟದ್ದು. ಮುಪ್ಪು, ರೋಗ, ಸಾವು ಒಬ್ಬೊಬ್ಬರ ದುಃಖ. ನೀರಿನ ಜಗಳ ಸಮಾಜದ ದುಃಖ. ಧರ್ಮ ಹುಟ್ಟಬೇಕಾದದ್ದು ಈ ಎರಡನೆಯ ದುಃಖದಿಂದ ಎಂದು ಅವರು ಸಾರಿದರು. ಆಧುನಿಕ ಕಾಲದಲ್ಲಿ ಬುದ್ಧಧರ್ಮಕ್ಕೆ ಆದ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ.

ಇಂದು ಈ ಧರ್ಮ ಕೇರಿಗಳಲ್ಲಿ ಹೇಗಿದೆ? ತ್ರಿಶರಣ, ಪಂಚಶೀಲ ಹೇಳಿ ಮದುವೆ ಮಾಡುವ ಮನೆಗಳಿವೆ, ಪಂಚಾಂಗ ಕೇಳುವುದಿಲ್ಲ. ವಿಹಾರವೇ ಸಂಜೆಯ ಹೊತ್ತು ಮಕ್ಕಳ ಓದಿನ ಮನೆಯಾಗುವುದೂ ಉಂಟು. ಕಲಬುರಗಿಯಲ್ಲಿ ಭವ್ಯವಾದ ಬುದ್ಧವಿಹಾರ ಎದ್ದಿದೆ. ಆದರೂ ಜನಗಣತಿಯ ಲೆಕ್ಕ ಬೇರೆ ಹೇಳುತ್ತದೆ. 2001ರಲ್ಲಿ ಕರ್ನಾಟಕದಲ್ಲಿ ಬೌದ್ಧರೆಂದು ಬರೆಸಿದವರು ಸುಮಾರು 3.93 ಲಕ್ಷ, 2011ರಲ್ಲಿ ಸುಮಾರು 95 ಸಾವಿರ. ಬೌದ್ಧರಾದವರಿಗೂ ಪರಿಶಿಷ್ಟ ಜಾತಿಯ ಸೌಲಭ್ಯ ಉಂಟೆಂದು 1990ರಲ್ಲಿಯೇ ತಿದ್ದುಪಡಿಯಾಗಿದ್ದರೂ, ಕಾಗದಪತ್ರದಲ್ಲಿ ಧರ್ಮ ಬದಲಿಸಿದರೆ ಎಲ್ಲಿ ಕುತ್ತು ಬರುವುದೋ ಎಂಬ ಅಂಜಿಕೆ ಹಲವರಲ್ಲಿದೆ. ಮನೆಯಲ್ಲಿ ಬುದ್ಧನ ಪಟ, ಗಣತಿಯ ಪಟ್ಟಿಯಲ್ಲಿ ಬೇರೆ ಹೆಸರು. ಆದ್ದರಿಂದ ಒಂದು ಧರ್ಮದ ಜೀವವನ್ನು ಗಣತಿಯ ಅಂಕಣದಿಂದ ಮಾತ್ರ ಅಳೆಯಬಾರದು.

ಇನ್ನು ಎರಡನೆಯ ದಾರಿ. ಕಿತ್ತೂರಿನಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಧಾರವಾಡದ ಮೇಲೆ ಹಾಯ್ದು ಮಧ್ಯಾಹ್ನದೊಳಗೆ ಮುಂಡಗೋಡ ತಲುಪಬಹುದು. 1959ರಲ್ಲಿ ಟಿಬೆಟನ್ನು ಬಿಟ್ಟು ಬಂದ ಜನರಿಗೆ ಅಂದಿನ ಮೈಸೂರು ರಾಜ್ಯವು ಮೊದಲು ಬೈಲಕುಪ್ಪೆಯಲ್ಲಿಯೂ, 1966ರಲ್ಲಿ ಮುಂಡಗೋಡದಲ್ಲಿಯೂ ನೆಲ ಕೊಟ್ಟಿತು. ಬಂಗಾಳದ ಬಕ್ಸಾ ಶಿಬಿರದಲ್ಲಿ ಕಾಯಿಲೆ ಕಸಾಲೆಗಳಿಂದ ನರಳುತ್ತಿದ್ದ ಭಿಕ್ಷುಗಳು 1969ರಲ್ಲಿ ಇಲ್ಲಿಗೆ ಬಂದು ಡ್ರೆಪುಂಗ್, ಗಾಂಡೆನ್ ಮಠಗಳನ್ನು ಹೊಸದಾಗಿ ಕಟ್ಟಿದರು.

ಪರಿಸರದವರಾದ ನಾವು ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಆ ವಸತಿ ಎದ್ದದ್ದು ಕಾಡು ಕಡಿದೇ. ಕಡಿದವರಲ್ಲಿ ಭಿಕ್ಷುಗಳೂ ಇದ್ದರು. ಭಿಕ್ಷುವಾದವನು ಗಿಡದ ಕೊಂಬೆಯನ್ನೂ ಮುರಿಯಬಾರದೆಂಬುದು ವಿನಯದ ನಿಯಮ. ನೆಲ ಅಗೆಯುವುದೂ ನಿಷಿದ್ಧ. ಮಳೆಗಾಲದಲ್ಲಿ ತಿರುಗಾಡಿದರೆ ಎಳೆಯ ಪೈರು, ಸಣ್ಣ ಜೀವಿಗಳು ಕಾಲಡಿಗೆ ಸಿಗುತ್ತವೆಂದೇ ವರ್ಷಾವಾಸ ಹುಟ್ಟಿದ್ದು. ಅಂಥ ನಿಯಮದವರು ಹಸಿವಿನ ಮುಂದೆ ಕೊಡಲಿ ಹಿಡಿದರು, ನೇಗಿಲು ಹೂಡಿದರು, ಗೋವಿನಜೋಳ ಬೆಳೆದರು. ಕಾಯಕವೆಂಬ ಮಾತು ನಮ್ಮ ನೆಲಕ್ಕೆ ಹಳೆಯದು. ಆ ಮಠದವರಿಗೆ ಅದು ಹೊಸ ಪಾಠ. ಇದನ್ನು ತಪ್ಪೆಂದು ಹಳಿಯುವುದು ಸುಲಭ. ಬಡತನದಲ್ಲಿರುವವರಿಗೆ ಕಾಡಿನ ಉಪದೇಶ ಮಾಡುವ ಮೊದಲು ಅವರ ಹೊಟ್ಟೆಯ ಲೆಕ್ಕ ಕೇಳಬೇಕೆಂಬುದನ್ನು ನಾನು ಈ ಕಥೆಯಿಂದ ಕಲಿತೆ.

ಹೊಟ್ಟೆ ತುಂಬಿದ ಮೇಲೆ ಅವರು ತಮ್ಮನ್ನು ತಿದ್ದಿಕೊಂಡದ್ದು ಹೇಗೆ ಎಂಬುದು ಹೆಚ್ಚು ಮುಖ್ಯ. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರ ಸಮಾರಂಭ ನಡೆಯಿತು. ಹಬ್ಬದ ಉಡುಪಿಗೆ ಹುಲಿ, ಚಿರತೆ, ನೀರುನಾಯಿಗಳ ಚರ್ಮ ಹಚ್ಚಿಕೊಳ್ಳುವ ಪದ್ಧತಿಯನ್ನು ಕೈಬಿಡಿರಿ ಎಂದು ದಲೈ ಲಾಮಾ ಅಲ್ಲಿ ಜನರಿಗೆ ಹೇಳಿದರು. ಆ ಮಾತು ಹಿಮಾಲಯದ ಆಚೆ ಟಿಬೆಟಿಗೂ ಮುಟ್ಟಿ, ಜನ ಬೆಲೆಬಾಳುವ ಚರ್ಮದ ಉಡುಪುಗಳನ್ನು ಬಯಲಿನಲ್ಲಿ ರಾಶಿ ಹಾಕಿ ಸುಟ್ಟರು. ಪರಂಪರೆ ಎಂದೊಡನೆ ಕೈಕಟ್ಟಿ ನಿಲ್ಲುವ ನಮಗೆ ಇದು ಪಾಠ. ಪರಂಪರೆಯನ್ನು ಪ್ರೀತಿಸುವವರೇ ಅದರಲ್ಲಿ ಜೀವಹಾನಿ ಮಾಡುವ ಭಾಗವನ್ನು ಕಿತ್ತೆಸೆಯಬಲ್ಲರು.

ಮುಂಡಗೋಡದಲ್ಲಿಯೇ ಮತ್ತೊಂದು ಬದಲಾವಣೆ ನಡೆಯಿತು. ಗೆಶೆ ಎಂಬುದು ಅವರ ಮಠಗಳ ಅತ್ಯುನ್ನತ ಪದವಿ; ಹದಿನೈದು, ಇಪ್ಪತ್ತು ವರ್ಷಗಳ ಓದು, ತರ್ಕ, ವಾದಗಳ ಫಲ. ಶತಮಾನಗಳಿಂದ ಅದು ಗಂಡಸರದ್ದೇ ಆಗಿತ್ತು. 2016ರ ಡಿಸೆಂಬರ್‌ನಲ್ಲಿ ಮುಂಡಗೋಡದ ಡ್ರೆಪುಂಗ್ ಮಠದ ಸಭೆಯಲ್ಲಿ 20 ಭಿಕ್ಷುಣಿಯರು ದಲೈ ಲಾಮಾ ಅವರಿಂದ ಗೆಶೆಮಾ ಪದವಿ ಪಡೆದರು. ಅದೇ ಮಠದಲ್ಲಿ 2013ರ ಜನವರಿಯಲ್ಲಿ ಭಿಕ್ಷುಗಳೂ ವಿಜ್ಞಾನಿಗಳೂ ಎದುರುಬದುರು ಕುಳಿತು ಮನಸ್ಸು, ಮಿದುಳುಗಳ ಬಗ್ಗೆ ದಿನಗಟ್ಟಲೆ ಚರ್ಚಿಸಿದ್ದರು. ಇಂಥ ಸಂಗತಿಗಳು ನಮ್ಮ ಪಕ್ಕದ ಜಿಲ್ಲೆಯಲ್ಲಿ ನಡೆದವೆಂಬುದು ನಮ್ಮ ಕಾಲೇಜುಗಳಿಗೆ ಗೊತ್ತಿಲ್ಲದಿರುವುದು ಸೋಜಿಗ. ಅಲ್ಲಿಯೂ ಸಂಕಟಗಳಿವೆ. ಯುವಕರು ವಿದೇಶಗಳಿಗೆ ಹೋಗುತ್ತಿದ್ದಾರೆ. 2008ರ ನಂತರ ಟಿಬೆಟಿನಿಂದ ಗಡಿ ದಾಟಿ ಬರುವವರ ಸಂಖ್ಯೆ ಬಹಳ ಇಳಿದು, ಮಠಗಳಿಗೆ ಈಗ ಲಡಾಖ್, ಅರುಣಾಚಲ, ನೇಪಾಳಗಳ ಹುಡುಗರು ಬರುತ್ತಿದ್ದಾರೆ. ಊರು ಕಟ್ಟಿದ ಹಿರಿಯರು ಮನೆ ಕಾಯುತ್ತಿದ್ದಾರೆ. ನಮ್ಮ ಹಳ್ಳಿಗಳ ಕಥೆಯೂ ಇದೇ ಅಲ್ಲವೆ?

ಹೊರಗಿನ ಲೋಕವನ್ನೂ ಒಮ್ಮೆ ನೋಡೋಣ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ಕಾಡು ಕಡಿಯುವುದನ್ನು ತಡೆದರು. ಐದು ವರ್ಷಗಳ ನಂತರ, 1988ರಲ್ಲಿ, ಥಾಯ್‌ಲ್ಯಾಂಡಿನ ಫಯಾವೊ ಪ್ರಾಂತದಲ್ಲಿ ಮಾನಸ್ ಎಂಬ ಭಿಕ್ಷು ಒಂದು ಮರಕ್ಕೆ ಕಾಷಾಯವಸ್ತ್ರ ಸುತ್ತಿ ದೀಕ್ಷೆ ಕೊಟ್ಟರು. ಭಿಕ್ಷುವಿನ ಮೇಲೆ ಕೊಡಲಿ ಎತ್ತುವ ಧೈರ್ಯ ಯಾರಿಗುಂಟು? ಆ ಪದ್ಧತಿ ಹಲವು ಪ್ರಾಂತಗಳಿಗೆ ಹಬ್ಬಿತು. ಅದೇ ವರ್ಷದ ನವೆಂಬರ್‌ನಲ್ಲಿ ಕಾಡು ಬರಿದಾದ ಗುಡ್ಡಗಳಿಂದ ಪ್ರವಾಹ ಇಳಿದು ನೂರಾರು ಜನ ಸತ್ತ ಮೇಲೆ, 1989ರ ಜನವರಿಯಲ್ಲಿ ಆ ದೇಶದ ಸರಕಾರ ಕಾಡು ಕಡಿಯುವುದನ್ನು ನಿಷೇಧಿಸಿತು.

ಆದರೆ ಕಾಷಾಯವನ್ನು ಕಂಡೊಡನೆ ಎಲ್ಲವೂ ಕರುಣೆಯೆಂದು ನಂಬಬೇಡಿ. ಮ್ಯಾನ್ಮಾರ್, ಶ್ರೀಲಂಕಾಗಳಲ್ಲಿ ಅಲ್ಪಸಂಖ್ಯಾತರ ಮೇಲೆ ಜನರನ್ನು ಎತ್ತಿಕಟ್ಟಿದ ಭಿಕ್ಷುಗಳನ್ನು ನಮ್ಮ ಕಾಲವೇ ಕಂಡಿದೆ. ಇನ್ನೊಂದು ಕಡೆ, 1979ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ರೋಗಿಗಳ ನೋವು ಕಡಿಮೆ ಮಾಡಲೆಂದು ಆರಂಭವಾದ ಧ್ಯಾನದ ಶಿಕ್ಷಣವು ಈಗ ಮೊಬೈಲಿನಲ್ಲಿ ಮಾರಾಟದ ಸರಕಾಗಿದೆ. ಧ್ಯಾನದಿಂದ ನೆಮ್ಮದಿ ಸಿಗುವುದು ನಿಜ. ಆದರೆ ಬುದ್ಧನ ಮಾರ್ಗದಲ್ಲಿ ಶೀಲ ಮೊದಲು, ಸಮಾಧಿ ನಂತರ. ಹೊಳೆಗೆ ವಿಷ ಬಿಡುವ ಕಾರಖಾನೆಯ ಒಡೆಯ ಬೆಳಿಗ್ಗೆ ಕಣ್ಣು ಮುಚ್ಚಿ ಕುಳಿತು ಹಗುರಾದರೆ, ಹಗುರಾದದ್ದು ಅವನ ಮನಸ್ಸು ಮಾತ್ರ; ಹೊಳೆಯ ಭಾರ ಹಾಗೆಯೇ ಉಳಿಯಿತು.

ಈಗ ಮರಳಿ ಮಲಪ್ರಭೆಗೆ ಬರೋಣ. ನಮ್ಮ ಹೊಳೆಯೂ ಒಂದು ರೋಹಿಣಿಯೇ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ಕಾಲುವೆಯ ಕರದ ವಿರುದ್ಧ ರೈತರು ಎದ್ದಾಗ ಗುಂಡು ಹಾರಿದ್ದನ್ನು ಹಿರಿಯರು ಮರೆತಿಲ್ಲ. 2015ರಲ್ಲಿ ಅದೇ ನರಗುಂದದಲ್ಲಿ ಮಹದಾಯಿ ನೀರಿಗಾಗಿ ಧರಣಿ ಹೂಡಿದರು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಹಂಚಿತು, ಅದರಲ್ಲಿ ಕಳಸಾ, ಬಂಡೂರಿಗಳಿಂದ ಮಲಪ್ರಭೆಗೆ ತಿರುಗಬಹುದಾದದ್ದು 3.90 ಟಿ.ಎಂ.ಸಿ. ಮರುವರ್ಷವೇ, 2019ರ ಆಗಸ್ಟ್‌ನಲ್ಲಿ, ನೀರಿಲ್ಲವೆಂದು ಅಳುತ್ತಿದ್ದ ಅದೇ ಹೊಳೆ ಉಕ್ಕಿ ಮುನವಳ್ಳಿ, ರಾಮದುರ್ಗಗಳ ಮನೆಗಳನ್ನು ನುಂಗಿತು. ಕಣಕುಂಬಿಯ ಕಾಡಿನವರು ನಮ್ಮ ಕಾಡು ಮುಟ್ಟಬೇಡಿ ಎನ್ನುತ್ತಾರೆ. ಬಯಲಿನವರು ನಮ್ಮ ಕೊಡ ಬರಿದಾಗಿದೆ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈ ವೇದಿಕೆಯ ಮೇಲೆ ನಾನು ಯಾರ ಪರವಾಗಿಯೂ ತೀರ್ಪು ಕೊಡಲು ಬಂದಿಲ್ಲ. ಸಿದ್ಧಾರ್ಥನ ಹಾಗೆ ಒಂದೇ ಪ್ರಶ್ನೆ ಕೇಳುತ್ತೇನೆ: ನಮ್ಮ ಪಾಲಿನ ತಪ್ಪೆಷ್ಟು ಎಂದು ನಾವು ವಿಚಾರಿಸಿದ್ದೇವೆಯೇ?

ಇದಕ್ಕೆ ಬುದ್ಧನ ಸಂಘದಲ್ಲಿ ಎರಡು ಪದ್ಧತಿಗಳಿವೆ, ಇವತ್ತಿಗೂ ನಡೆಯುತ್ತವೆ. ಒಂದು ಉಪೋಸಥ. ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಭಿಕ್ಷುಗಳು ಕೂಡಿ ನಿಯಮಗಳನ್ನು ಒಂದೊಂದಾಗಿ ಹೇಳುತ್ತಾರೆ, ಮುರಿದವನು ಒಪ್ಪಿಕೊಳ್ಳಬೇಕು. ಇನ್ನೊಂದು ಪವಾರಣೆ. ಮಳೆಗಾಲದ ಮೂರು ತಿಂಗಳು ಒಂದೆಡೆ ಕಳೆದ ಮೇಲೆ, ಕೊನೆಯ ದಿನ ಪ್ರತಿಯೊಬ್ಬ ಭಿಕ್ಷುವೂ ಉಳಿದವರೆದುರು ಕೈಮುಗಿದು, ನನ್ನಲ್ಲಿ ನೀವು ಕಂಡ, ಕೇಳಿದ, ಸಂಶಯಪಟ್ಟ ತಪ್ಪನ್ನು ಕರುಣೆಯಿಂದ ಹೇಳಿರಿ, ತಿದ್ದಿಕೊಳ್ಳುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ಹಿರಿಯ ಭಿಕ್ಷುವೂ ಹೀಗೆಯೇ ಬೇಡಬೇಕು.

ಅಮಾವಾಸ್ಯೆ, ಹುಣ್ಣಿಮೆಗಳು ನಮಗೇನು ಹೊಸವಲ್ಲ. ಭಾರತ ಹುಣ್ಣಿಮೆಗೆ ಲಕ್ಷಾಂತರ ಜನ ಯಲ್ಲಮ್ಮನ ಗುಡ್ಡ ಹತ್ತುತ್ತಾರೆ. ನಾನು ಕೇಳುವುದು ಇಷ್ಟೇ. ಹೊಳೆಯ ದಂಡೆಯ ಪ್ರತಿ ಊರಿನಲ್ಲಿ ತಿಂಗಳಿಗೊಮ್ಮೆ ಹುಣ್ಣಿಮೆಯ ಸಂಜೆ ಹತ್ತು ಮನೆಯವರಾದರೂ ಕೂಡಲಿ. ಈ ತಿಂಗಳು ನಮ್ಮೂರಿನಿಂದ ಹೊಳೆಗೆ ಏನು ಬಿತ್ತು? ಔಷಧ ಹೊಡೆದ ಡಬ್ಬಿಗಳೆಷ್ಟು, ಪ್ಲಾಸ್ಟಿಕ್ ಎಷ್ಟು? ಮರಳು ಎಷ್ಟು ಹೋಯಿತು? ಕೇರಿಯವರಿಗೆ ನೀರು ಸರಿಯಾಗಿ ಸಿಕ್ಕಿತೆ? ಈ ಕೊನೆಯ ಪ್ರಶ್ನೆ ಕೇಳದ ಸಭೆ ಬುದ್ಧನ ಸಭೆಯೂ ಅಲ್ಲ, ಪರಿಸರದ ಸಭೆಯೂ ಅಲ್ಲ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಮೇಲಿನ ಊರಿನವರು ಕೆಳಗಿನ ಊರಿನವರನ್ನು ಊಟಕ್ಕೆ ಕರೆಯಲಿ. ರೊಟ್ಟಿ ಬಡಿಸಿ, ನಮ್ಮ ತಪ್ಪು ಹೇಳಿರಿ ಎನ್ನಲಿ. ಎಂ.ಕೆ. ಹುಬ್ಬಳ್ಳಿಯವರು ಮುನವಳ್ಳಿಯವರನ್ನು, ಮುನವಳ್ಳಿಯವರು ರಾಮದುರ್ಗದವರನ್ನು ಕರೆಯಲಿ. ಮುಂದೊಂದು ದಿನ ರಾಮದುರ್ಗದವರು ಬುತ್ತಿ ಕಟ್ಟಿಕೊಂಡು ಕಣಕುಂಬಿಯ ಕಾಡಿಗೆ ಹೋಗಿ, ನಮ್ಮ ನೀರಿನ ಬಳಕೆಯಲ್ಲಿ ನಿಮಗೆ ಕಂಡ ತಪ್ಪು ಹೇಳಿರಿ ಎಂದು ಕೇಳಲಿ.

ಇದರಿಂದ ಟಿ.ಎಂ.ಸಿ.ಗಳ ಲೆಕ್ಕ ತೀರುವುದಿಲ್ಲ, ನಿಜ. ಆದರೆ ಲೆಕ್ಕ ಮಾಡಲು ಕೂಡುವವರು ಶತ್ರುಗಳಾಗಿ ಕೂಡಬೇಕೋ ನೆರೆಹೊರೆಯವರಾಗಿ ಕೂಡಬೇಕೋ ಎಂಬುದು ತೀರ್ಮಾನವಾಗುತ್ತದೆ. ಡಂಬಳದ ವಿಹಾರ ಸೆಟ್ಟಿಗಳ ದಾನವನ್ನು ನಂಬಿತ್ತು. ನಮ್ಮ ಹೊಳೆ ಇಂದು ಸರಕಾರದ ಯೋಜನೆಗಳನ್ನು ನಂಬಿ ಕುಳಿತಿದೆ. ದಾನಿಯ ಮನಸ್ಸೂ ಬದಲಾಗುತ್ತದೆ, ಯೋಜನೆಯೂ ಬದಲಾಗುತ್ತದೆ. ಕೇರಿಯ ಜನ, ಡೇರೆಯ ಜನ ತಮ್ಮ ಕೈಯಿಂದ ಕಟ್ಟಿಕೊಂಡದ್ದು ಉಳಿದಿದೆ. ಹೊಳೆಯನ್ನೂ ಹಾಗೆಯೇ ಮನೆಮನೆಯವರು ಕೈಗೆ ತೆಗೆದುಕೊಳ್ಳಬೇಕು.

ಆ ವಿದ್ಯಾರ್ಥಿಗೆ ನನ್ನ ಉತ್ತರ ಇದು, ತಮ್ಮಾ: ನಮ್ಮ ನಾಲ್ಕು ತಾಲೂಕಿನಲ್ಲಿ ಬೌದ್ಧರೆಷ್ಟು ಎಂದು ಎಣಿಸುವುದನ್ನು ಗಣತಿಯವರಿಗೆ ಬಿಡೋಣ. ನೀರಿನ ಜಗಳದ ಸಭೆಯಲ್ಲಿ ಎದ್ದು ನಿಂತು, ಮೊದಲು ನಮ್ಮ ತಪ್ಪು ವಿಚಾರಿಸೋಣ ಎನ್ನುವವರು ಎಷ್ಟು ಮಂದಿ ಇದ್ದಾರೆಂದು ನಾವು ಎಣಿಸೋಣ. ಬರುವ ಹುಣ್ಣಿಮೆಗೆ ನಿನ್ನ ಊರಿನಲ್ಲಿ ಆ ಎಣಿಕೆ ಒಂದರಿಂದ ಆರಂಭವಾಗಲಿ.